ಮನೆ ಜೋಡಿಸಲು ಕಾಲೇಜಿಗೆ ಹೋದವರು

ಈಗ ಯಾವ ಊರಿನ ಬಸ್ ನಿಲ್ದಾಣದಲ್ಲಿ ನಿಂತರೂ ಹೆಗಲಿಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ತಗುಲಿಸಿಕೊಂಡ ಒಬ್ಬ ಹುಡುಗಿಯಾದರೂ ಕಣ್ಣಿಗೆ ಬೀಳುತ್ತಾಳೆ. ಕೊಳವೆಯೊಳಗೆ ಸುರುಳಿ ಸುತ್ತಿದ ನಕ್ಷೆಗಳಿರುತ್ತವೆ. ಇಂಟೀರಿಯರ್ ಡಿಸೈನ್, ಅಂದರೆ ಒಳಾಂಗಣ ವಿನ್ಯಾಸ ಓದುವ ಹುಡುಗಿ. ಅವಳಿಗೆ ಕಾಲೇಜಿನಲ್ಲಿ ಕೊಡುವ ಪ್ರಾಜೆಕ್ಟುಗಳು ಮುಖ್ಯವಾಗಿ ಎರಡು ಬಗೆಯವು. ಒಂದು ವಾಸದ ಮನೆ, ಇನ್ನೊಂದು ವ್ಯಾಪಾರದ ಜಾಗ. ಮನೆಯೆಂದರೆ ಎರಡು ಕೋಣೆಯ ಫ್ಲ್ಯಾಟ್ ಇರಬಹುದು, ವ್ಯಾಪಾರವೆಂದರೆ ಸೀರೆಯಂಗಡಿಯೋ ಹಲ್ಲಿನ ಡಾಕ್ಟರ ಕ್ಲಿನಿಕ್ಕೋ ಆಗಬಹುದು. ನನ್ನ ತಂಗಿಯ ಮಗಳು ಇದನ್ನೇ ಓದುತ್ತಿದ್ದಾಳೆ. ಹೆಚ್ಚಿನದೆಲ್ಲ ಕಂಪ್ಯೂಟರಿನಲ್ಲಿ ನಡೆದರೂ ಕೊನೆಗೆ ಮಾದರಿಯನ್ನು ಕೈಯಲ್ಲೇ ಮಾಡಬೇಕಂತೆ. ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲು ಕತ್ತರಿಸಿ, ಗೋಂದು ಹಚ್ಚಿ, ಬೆರಳುದ್ದದ ಮಂಚ, ಬೆಂಕಿಪೊಟ್ಟಣದಷ್ಟು ಸೋಫಾ ಮಾಡುತ್ತ ಕೂತಿರುತ್ತಾಳೆ. ನೋಡಿದ ಹಿರಿಯರು, “ಮನೆ ಜೋಡಿಸೋದನ್ನೂ ಕಾಲೇಜಿಗೆ ಹೋಗಿ ಕಲೀಬೇಕೇನೆ?” ಎಂದು ನಗುತ್ತಾರೆ.

ಈ ನಗೆಗೆ ಕಡಿಮೆಯೆಂದರೂ ನೂರು ವರ್ಷ ವಯಸ್ಸಾಗಿದೆ. ನೂರು ವರ್ಷದ ಹಿಂದೆ ಜರ್ಮನಿಯಲ್ಲಿ, ಆಸ್ಟ್ರಿಯಾದಲ್ಲಿ ಇದೇ ಮಾತು ಕೇಳಿಸಿಕೊಂಡ, ಇದೇ ಬಗೆಯ ಪ್ರಾಜೆಕ್ಟುಗಳನ್ನು ಮಾಡಿದ ಕೆಲವು ಹುಡುಗಿಯರ ಕಥೆಯನ್ನು ನಿಮಗೆ ಹೇಳಬೇಕೆನಿಸಿದೆ. ಅವರ ಹೆಸರು ನಮಗೆ ಗೊತ್ತಿಲ್ಲ. ಆದರೆ ಅವರು ಪರೀಕ್ಷೆಗೆಂದು, ಪ್ರದರ್ಶನಕ್ಕೆಂದು ಬರೆದ ನಕ್ಷೆಯ ತುಣುಕುಗಳು ನಮ್ಮ ನಿಮ್ಮ ಅಡುಗೆಮನೆಗೂ ಬಂದು ಸೇರಿವೆ.

ಒಂದನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಜರ್ಮನಿಯ ವೈಮಾರ್ ಎಂಬ ಪಟ್ಟಣದಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ‘ಬೌಹೌಸ್’ ಎಂಬ ಶಾಲೆ ತೆರೆದ. ಚಿತ್ರ, ಶಿಲ್ಪ, ಬಡಗಿ ಕೆಲಸ, ಕುಂಬಾರಿಕೆ, ನೇಯ್ಗೆ ಎಲ್ಲವನ್ನೂ ಒಂದೇ ಸೂರಿನಡಿ ಕಲಿಸಿ, ಎಲ್ಲವೂ ಸೇರಿ ಒಂದು ಮನೆ ಆಗುವ ಹಾಗೆ ಮಾಡಬೇಕೆಂಬುದು ಅವನ ಕನಸು. ವಯಸ್ಸು, ಲಿಂಗ ನೋಡದೆ ಯಾರನ್ನಾದರೂ ಸೇರಿಸಿಕೊಳ್ಳುತ್ತೇವೆ ಎಂದು ಪ್ರಕಟಣೆಯಲ್ಲೇ ಬರೆದಿದ್ದ. ಜರ್ಮನಿಯ ಹೆಂಗಸರಿಗೆ ಮತದ ಹಕ್ಕು ಆಗಷ್ಟೇ ಸಿಕ್ಕಿತ್ತು. ಹುಡುಗಿಯರು ಈ ಮಾತನ್ನು ನಂಬಿ ಬಂದರು. ಮೊದಲ ಅವಧಿಯಲ್ಲಿ ಸೇರಿದವರಲ್ಲಿ ಗಂಡಸರು 79, ಹೆಂಗಸರು 84!

ಗ್ರೋಪಿಯಸ್‌ಗೆ ಗಾಬರಿಯಾಯಿತು. ಇಷ್ಟು ಜನ ಹೆಂಗಸರು ತುಂಬಿಕೊಂಡರೆ ಶಾಲೆಯನ್ನು ಯಾರು ಗಂಭೀರವಾಗಿ ನೋಡುತ್ತಾರೆ ಎಂಬ ಅಳುಕು. ಮರುವರ್ಷವೇ ಹೆಣ್ಣುಮಕ್ಕಳ ಆಯ್ಕೆಯನ್ನು ಬಿಗಿ ಮಾಡಬೇಕು, ಸೇರಿದವರನ್ನು ನೇಯ್ಗೆ, ಕುಂಬಾರಿಕೆ, ಪುಸ್ತಕ ಕಟ್ಟುವ ವಿಭಾಗಗಳಿಗೆ ಕಳಿಸಬೇಕು ಎಂಬ ಸೂಚನೆ ಹೊರಟಿತು. ಕೊನೆಗೆ ಹೆಚ್ಚಿನವರ ಪಾಲಿಗೆ ಉಳಿದದ್ದು ಮಗ್ಗ. ಗಾಜಿನ ಕೆಲಸ ಕಲಿಯಬೇಕೆಂದಿದ್ದ ಆನಿ ಆಲ್ಬರ್ಸ್ ಕೂಡ ಒಲ್ಲದ ಮನಸ್ಸಿನಿಂದ ಮಗ್ಗದ ಮುಂದೆ ಕೂತಳು. ಬಾಗಿಲು ತೆರೆದವರೇ ಒಳಗೆ ಬಂದವರನ್ನು ಹಿತ್ತಿಲಿಗೆ ಕಳಿಸುವುದು ನಮಗೇನೂ ಹೊಸದಲ್ಲವಲ್ಲ.

ನಾವೆಲ್ಲ ‘ಹೆಂಗಸರ ಕೆಲಸ’ ಎಂದು ಮೂಗು ಮುರಿಯುವ ಆ ಹಿತ್ತಿಲಿನಲ್ಲಿ ಏನಾಯಿತು ಎಂಬುದೇ ನನಗೆ ಕುತೂಹಲದ ಸಂಗತಿ.

1923ರಲ್ಲಿ ಶಾಲೆಗೆ ಹಣ ಕೊಡುತ್ತಿದ್ದ ಸರ್ಕಾರ, ನಾಲ್ಕು ವರ್ಷದಲ್ಲಿ ಏನು ಮಾಡಿದ್ದೀರಿ ತೋರಿಸಿ ಎಂದು ಕೇಳಿತು. ಆಗ ಜರ್ಮನಿಯಲ್ಲಿ ಹಣದುಬ್ಬರ ಎಷ್ಟಿತ್ತೆಂದರೆ ಜನ ಚೀಲದಲ್ಲಿ ನೋಟು ತುಂಬಿಕೊಂಡು ಹೋಗಿ ಕೈಯಲ್ಲಿ ಬ್ರೆಡ್ಡು ಹಿಡಿದು ಬರುತ್ತಿದ್ದರು. ಅಂಥ ಕಾಲದಲ್ಲಿ ಆಡಾಲ್ಫ್ ಸೊಮರ್‌ಫೆಲ್ಡ್ ಎಂಬ ಉದ್ಯಮಿ ಸಾಲ ಕೊಟ್ಟ. ಮೇಷ್ಟರು, ವಿದ್ಯಾರ್ಥಿಗಳು ಸೇರಿ ಕೆಲವೇ ತಿಂಗಳಲ್ಲಿ ಒಂದು ಮಾದರಿ ಮನೆ ಕಟ್ಟಿದರು. ಊರಿನ ‘ಆಮ್ ಹಾರ್ನ್’ ರಸ್ತೆಯಲ್ಲಿದ್ದುದರಿಂದ ಅದಕ್ಕೆ ‘ಹೌಸ್ ಆಮ್ ಹಾರ್ನ್’ ಎಂದೇ ಹೆಸರು. ಮನೆಯ ನಕ್ಷೆ ಮಾಡಿದವನು ಗೇಯಾರ್ಗ್ ಮುಖೆ ಎಂಬ ಚಿತ್ರಕಾರ. ಚೌಕಾಕಾರದ ಮನೆ, ಒಂದು ಬದಿ 12.7 ಮೀಟರ್. ನಡುವೆ 6 ಮೀಟರ್ ಚೌಕದ ಹಜಾರ, ಅದಕ್ಕೆ ಮೇಲಿನ ಕಿಟಕಿಗಳಿಂದ ಬೆಳಕು. ಹಜಾರದ ಸುತ್ತ ಸಣ್ಣ ಸಣ್ಣ ಕೋಣೆಗಳು. ನಮ್ಮ ತೊಟ್ಟಿಮನೆಯ ತೊಟ್ಟಿಗೆ ಮುಚ್ಚಿಗೆ ಹಾಕಿದಂತೆ ಎಂದುಕೊಳ್ಳಿ. ಒಳಗಿನ ಪೀಠೋಪಕರಣ, ದೀಪ, ಜಮಖಾನೆ, ಪಾತ್ರೆಪಡಗ ಬಹುಮಟ್ಟಿಗೆ ಶಾಲೆಯ ಕಾರ್ಯಾಗಾರಗಳಲ್ಲೇ ತಯಾರಾದವು. ಹಜಾರದ ಜಮಖಾನೆ ನೇಯ್ದವಳು ಮಾರ್ಥಾ ಎರ್ಪ್ಸ್ ಎಂಬ ವಿದ್ಯಾರ್ಥಿನಿ.

ಈ ಮನೆಯ ಅಡುಗೆಮನೆಯನ್ನು ರೂಪಿಸಿದವರು ಬೆನಿಟಾ ಓಟೆ ಎಂಬ ನೇಯ್ಗೆ ವಿಭಾಗದ ವಿದ್ಯಾರ್ಥಿನಿ ಮತ್ತು ಎರ್ನ್ಸ್ಟ್ ಗೆಬ್‌ಹಾರ್ಟ್ ಎಂಬ ಹುಡುಗ. ಅದರ ಫೋಟೋ ನೋಡಿದರೆ ನೀವು, “ಇದರಲ್ಲೇನಿದೆ? ನಮ್ಮ ಮನೆಯಲ್ಲೂ ಹೀಗೇ ಇದೆಯಲ್ಲ” ಎನ್ನುತ್ತೀರಿ. ವಿಶೇಷ ಇರುವುದೇ ಅಲ್ಲಿ. ಒಂದೇ ಎತ್ತರದಲ್ಲಿ ಸಾಗುವ ಉದ್ದನೆಯ ಕಟ್ಟೆ. ಹೆಚ್ಚುವವಳ ಕೈಮೇಲೆ ಬೆಳಕು ಬೀಳುವ ಹಾಗೆ ಕಟ್ಟೆಯ ಮೇಲೆ ಕಿಟಕಿ. ಕಟ್ಟೆಯ ಕೆಳಗೊಂದು ಸಾಲು ಕಪಾಟು, ಗೋಡೆಯಲ್ಲಿ ಇನ್ನೊಂದು ಸಾಲು. ರವೆ, ಹಿಟ್ಟು, ಅಕ್ಕಿ ಎಂದು ಮೈಮೇಲೇ ಹೆಸರು ಬರೆದ ಬಿಳಿಯ ಜಾಡಿಗಳು. ಅವನ್ನು ಮಾಡಿದವನು ಕುಂಬಾರಿಕೆ ವಿಭಾಗದ ಥಿಯೊಡೋರ್ ಬೋಗ್ಲರ್. ಆಳುಕಾಳಿಲ್ಲದೆ ಒಬ್ಬಳೇ ಹೆಂಗಸು ಓಡಾಟವಿಲ್ಲದೆ ಕೆಲಸ ಮುಗಿಸಬೇಕು ಎಂಬ ಲೆಕ್ಕದಲ್ಲಿ ಅಳೆದು ಮಾಡಿದ ಕೋಣೆ ಅದು. ಅಲ್ಲಿಯವರೆಗೆ ಜರ್ಮನ್ ಮನೆಗಳಲ್ಲಿ ಅಡುಗೆಮನೆಯೆಂದರೆ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಆಳೆತ್ತರದ ಬೀರು, ನಡುವೆ ಮೇಜು. ಒಂದೊಂದಕ್ಕೂ ಹತ್ತು ಹೆಜ್ಜೆ.

ನಾನು ಬೆಳೆದ ಮಲೆನಾಡಿನ ಮನೆಯ ಅಡುಗೆಮನೆ ನನಗೆ ಚೆನ್ನಾಗಿ ನೆನಪಿದೆ. ನಡುಮನೆ ದಾಟಿ, ದೇವರ ಕೋಣೆ ದಾಟಿ ಒಳಗೆ ಹೋಗಬೇಕು. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಚ್ಚಬೇಕು. ಒಂದು ಬೆಳಕಿಂಡಿ ಇತ್ತು. ಅದೂ ಹೊಗೆ ಹೋಗುವುದಕ್ಕೆಂದು ಇಟ್ಟದ್ದು. ಅವ್ವ ನೆಲದ ಮೇಲೆ ಈಳಿಗೆಮಣೆಯಲ್ಲಿ ಹೆಚ್ಚಿ, ಎದ್ದು ಒಲೆಗೆ ಹಾಕಿ, ಮತ್ತೆ ಕೂತು ರುಬ್ಬಿ, ಮತ್ತೆ ಎದ್ದು ನಾಗಂದಿಗೆಯಿಂದ ಡಬ್ಬಿ ಇಳಿಸಿ... ದಿನಕ್ಕೆ ಎಷ್ಟು ಸಲ ಕೂತು ಏಳುತ್ತಿದ್ದಳೋ ಎಣಿಸಿದವರಿಲ್ಲ. ಅದೇ ಮನೆಯ ಹೊರಜಗುಲಿಗೆ ಎಷ್ಟು ಗಾಳಿ, ಎಷ್ಟು ಬೆಳಕು! ಕವಳ ಹಾಕುತ್ತ ಕೂರುವವರಿಗೆ ಬೆಳಕು, ಕತ್ತಿ ಹಿಡಿದವಳಿಗೆ ಕತ್ತಲು. ಮನೆ ಕಟ್ಟಿದವರಾರೂ ಕೆಟ್ಟವರಲ್ಲ. ಅಡುಗೆಮನೆಯಲ್ಲಿ ಕೂತು ನೋಡಿದವರಲ್ಲ, ಅಷ್ಟೆ. ಆದ್ದರಿಂದಲೇ ಮಗ್ಗದ ಮುಂದಿನಿಂದ ಎದ್ದು ಬಂದು, ಹೆಚ್ಚುವ ಕೈಗೆ ಬೆಳಕು ಬೀಳಲಿ ಎಂದು ಕಿಟಕಿಯ ಕೆಳಗೆ ಗೆರೆ ಎಳೆದ ಆ ಬೆನಿಟಾಳ ಬಗ್ಗೆ ನನಗೆ ಬಲು ಅಕ್ಕರೆ.

ಅದೇ ಮನೆಯ ಮಕ್ಕಳ ಕೋಣೆ ಇನ್ನೂ ಸೊಗಸು. ಅದನ್ನು ಎರಿಕ್ ಬ್ರೆಂಡೆಲ್ ಜೊತೆಗೂಡಿ ರೂಪಿಸಿದವಳು ಆಲ್ಮಾ ಬುಷರ್, ಆಗ ಅವಳಿಗೆ 24 ವರ್ಷ. ಅವಳನ್ನೂ ಮೊದಲು ಮಗ್ಗಕ್ಕೇ ಹಾಕಿದ್ದರು. ಹಟ ಹಿಡಿದು ಮರಗೆತ್ತನೆಯ ವಿಭಾಗಕ್ಕೆ ಬದಲಾಯಿಸಿಕೊಂಡಳು. ಮಕ್ಕಳ ಕೋಣೆಯೆಂದರೆ ದೊಡ್ಡವರ ಹಳೆಯ ಮಂಚ, ಮುರುಕು ಕುರ್ಚಿ ತುರುಕುವ ಜಾಗವಲ್ಲ, ಅದು ಮಗುವಿನದೇ ಲೋಕ ಎಂದು ಅವಳು ನಂಬಿದ್ದಳು. ಬಣ್ಣಬಣ್ಣದ ದೊಡ್ಡ ಪೆಟ್ಟಿಗೆಗಳನ್ನು ಮಾಡಿದಳು. ಮಗು ಅದನ್ನು ಕವುಚಿದರೆ ಮೇಜು, ನಿಲ್ಲಿಸಿದರೆ ಕುರ್ಚಿ, ಒಂದಕ್ಕೆ ಗಾಲಿ ಇದ್ದುದರಿಂದ ಎಳೆದರೆ ಗಾಡಿ. ಬೀರುವಿನ ಬಾಗಿಲಿಗೆ ಕಿಂಡಿ ಕೊರೆದಿದ್ದಳು, ತೆರೆದಿಟ್ಟರೆ ಅದೇ ಗೊಂಬೆಯಾಟದ ರಂಗಮಂಟಪ. ಗೋಡೆಯ ಮೇಲೆ ಗೀಚುವುದಕ್ಕೆಂದೇ ಹಲಗೆಗಳು, ಬೈಗುಳದ ಭಯವಿಲ್ಲ. ಅಡುಗೆಮನೆಯಲ್ಲಿರುವ ತಾಯಿಗೆ ಊಟದ ಕೋಣೆಯ ಮೂಲಕ ಮಗು ಆಡುವುದು ಕಾಣುವ ಹಾಗೆ ಬಾಗಿಲುಗಳನ್ನು ಇಟ್ಟಿದ್ದರು. ಒಲೆಯ ಮೇಲೆ ಹಾಲಿಟ್ಟು ಮಗು ಎಲ್ಲಿ ಹೋಯಿತೋ ಎಂದು ಓಡಿದ ಯಾರಿಗೂ ಈ ಒಂದು ಬಾಗಿಲಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಅದೇ ಸುಮಾರಿಗೆ ಮಾಡಿದ ಮರದ ಆಟಿಕೆಯೊಂದಿದೆ. ಇಪ್ಪತ್ತೆರಡು ಬಣ್ಣದ ತುಂಡುಗಳು, ಜೋಡಿಸಿದರೆ ಹಡಗು, ಬೇರೆ ಥರ ಜೋಡಿಸಿದರೆ ಬೆಟ್ಟವೋ ಸೇತುವೆಯೋ ಮಗುವಿಗೆ ತೋಚಿದ್ದು. ಸ್ವಿಟ್ಜರ್ಲೆಂಡಿನ ಕಂಪನಿಯೊಂದು ನಮ್ಮ ಕಾಲದಲ್ಲೂ ಅದನ್ನು ತಯಾರಿಸಿ ಮಾರಿದೆ. ಆಲ್ಮಾ ಮಾತ್ರ ಉಳಿಯಲಿಲ್ಲ. 1926ರಲ್ಲಿ ನಟನೊಬ್ಬನನ್ನು ಮದುವೆಯಾಗಿ, ಅವನ ಕೆಲಸ ಎಲ್ಲೆಲ್ಲಿಗೆ ಒಯ್ದಿತೋ ಅಲ್ಲಲ್ಲಿಗೆ ಹೋಗಿ, ಎರಡನೆಯ ಮಹಾಯುದ್ಧದಲ್ಲಿ 1944ರ ಸೆಪ್ಟೆಂಬರಿನಲ್ಲಿ ಬಾಂಬು ಬಿದ್ದು ತೀರಿಕೊಂಡಳು.

ವ್ಯಾಪಾರದ ಜಾಗಗಳ ಪ್ರಾಜೆಕ್ಟುಗಳೂ ಆ ಶಾಲೆಯಲ್ಲಿ ಇದ್ದವು. 1924ರಲ್ಲಿ ಹೆರ್ಬರ್ಟ್ ಬೇಯರ್ ಎಂಬ ಹುಡುಗ ಪತ್ರಿಕೆ ಮಾರುವ ಗೂಡಂಗಡಿ, ಟೂತ್‌ಪೇಸ್ಟ್ ಪ್ರಚಾರದ ಮಂಟಪ ಎಂದೆಲ್ಲ ಚಿತ್ರ ಬರೆದ. ಕೆಂಪು, ಹಳದಿ, ನೀಲಿ ಬಳಿದುಕೊಂಡ ಕಣ್ಣು ಕುಕ್ಕುವ ಚಿತ್ರಗಳು. ಈಗ ಕಲೆಯ ಪುಸ್ತಕಗಳಲ್ಲೆಲ್ಲ ಅವು ಅಚ್ಚಾಗುತ್ತವೆ. ಆದರೆ ಆ ಅಂಗಡಿಗಳು ಕಾಗದ ಬಿಟ್ಟು ಏಳಲಿಲ್ಲ. ನಿಜವಾಗಿ ಕಟ್ಟಡದ ಗೋಡೆಗೆ ಹತ್ತಿದ್ದು ಹುಡುಗಿಯೊಬ್ಬಳ ಪರೀಕ್ಷೆಯ ಕೆಲಸ. ಹಿಂದೆ ಹೇಳಿದೆನಲ್ಲ, ಒಲ್ಲದ ಮನಸ್ಸಿನಿಂದ ಮಗ್ಗಕ್ಕೆ ಕೂತ ಆನಿ ಆಲ್ಬರ್ಸ್, ಅವಳದು.

ಶಾಲೆ ಅಷ್ಟರಲ್ಲಿ ವೈಮಾರ್ ಬಿಟ್ಟು ಡೆಸ್ಸೌ ಊರಿಗೆ ಬಂದಿತ್ತು. ನೇಯ್ಗೆ ವಿಭಾಗವನ್ನು 1927ರಿಂದ ಅಲ್ಲೇ ಕಲಿತ ಗುಂಟಾ ಸ್ಟ್ಯೋಲ್ಜ್ಲ್ ನಡೆಸುತ್ತಿದ್ದಳು. ಬರ್ಲಿನ್ ಹತ್ತಿರದ ಬೆರ್ನೌನಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ ಒಂದು ತರಬೇತಿ ಶಾಲೆ ಕಟ್ಟುವ ಕೆಲಸವನ್ನು ಬೌಹೌಸ್ 1928ರಲ್ಲಿ ಹಿಡಿಯಿತು. ಅದರ ಸಭಾಂಗಣದಲ್ಲಿ ಮಾತಾಡಿದರೆ ಪ್ರತಿಧ್ವನಿ. ಆನಿ ಇದನ್ನೇ ತನ್ನ ಡಿಪ್ಲೊಮಾ ಪ್ರಾಜೆಕ್ಟು ಮಾಡಿಕೊಂಡಳು. ಗೋಡೆಗೆ ಹೊದಿಸುವ ಒಂದು ಬಟ್ಟೆ ನೇಯ್ದಳು. ಹಿಂಬದಿಯಲ್ಲಿ ಮಖಮಲ್ಲಿನಂತೆ ನವಿರಾದ ಹತ್ತಿಯ ನೂಲು, ಅದು ಸದ್ದನ್ನು ನುಂಗಬೇಕು. ಮುಂಬದಿಯಲ್ಲಿ ಸೆಲೊಫೇನ್ ಎಳೆ, ಉಡುಗೊರೆ ಸುತ್ತುವ ಆ ಹೊಳೆಯುವ ಹಾಳೆ ಇದೆಯಲ್ಲ ಅದೇ, ಅದು ಬೆಳಕನ್ನು ಹಿಂದಕ್ಕೆ ಎಸೆಯಬೇಕು. ಒಂದೇ ಬಟ್ಟೆ, ಎರಡು ಕೆಲಸ. ಅಂದ ಹೆಚ್ಚಿಸುವುದಕ್ಕೆ ಪರದೆ ಹಾಕುವುದೇ ಬೇರೆ, ಕೋಣೆಯ ಕಾಯಿಲೆ ಏನೆಂದು ತಿಳಿದು ಮದ್ದು ನೇಯುವುದೇ ಬೇರೆ. 1930ರಲ್ಲಿ ಅವಳಿಗೆ ಡಿಪ್ಲೊಮಾ ಸಿಕ್ಕಿತು. 1933ರಲ್ಲಿ ನಾಜಿಗಳ ಕಾಟಕ್ಕೆ ಬೌಹೌಸ್ ಬಾಗಿಲು ಹಾಕಿದಾಗ ಯಹೂದಿ ಮೂಲದ ಆನಿಗೆ ಅಮೆರಿಕ ದಾರಿ ತೋರಿಸಿದ್ದರಲ್ಲಿ ಈ ಬಟ್ಟೆಯ ಪಾಲೂ ಇತ್ತು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವಳೊಬ್ಬಳ ನೇಯ್ಗೆಯದೇ ಪ್ರದರ್ಶನ ಏರ್ಪಡಿಸಿತು.

ಗೋಡೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಆ ಶಾಲೆಯ ಸರಕುಗಳಲ್ಲೆಲ್ಲ ಅತಿ ಹೆಚ್ಚು ದುಡ್ಡು ತಂದದ್ದು ಕುರ್ಚಿಯಲ್ಲ, ದೀಪವಲ್ಲ, ಗೋಡೆಗೆ ಅಂಟಿಸುವ ಕಾಗದ. 1929ರಲ್ಲಿ ವಿದ್ಯಾರ್ಥಿಗಳಿಗೆ ಸ್ಪರ್ಧೆಯಿಟ್ಟು ಆರಿಸಿದ ವಿನ್ಯಾಸಗಳವು. ಬಾಡಿಗೆ ಮನೆಗಳ ಸಣ್ಣ ಕೋಣೆಗಳಿಗೆ ಹೊಂದುವ, ಹೂಬಳ್ಳಿಗಳ ಗದ್ದಲವಿಲ್ಲದ ತಿಳಿ ಬಣ್ಣಗಳು. ‘ಬೌಹೌಸ್ ಕಾಗದ’ ಎಂದೇ ಮಾರಾಟವಾದವು. ಯಾವ ಕಾಗದ ಯಾರ ಕೈಯದು ಎಂದು ಕೊಳ್ಳುವವರಿಗೆ ತಿಳಿಯಲಿಲ್ಲ.

ಇನ್ನು ವಿಯೆನ್ನಾಕ್ಕೆ ಹೋಗೋಣ. ಅಲ್ಲಿನ ಕರಕುಶಲ ಕಲಾಶಾಲೆಯಲ್ಲಿ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ಇಪ್ಪತ್ತರ ಹುಡುಗಿ ಓದುತ್ತಿದ್ದಳು. 1917ರಲ್ಲಿ ಒಂದು ಸ್ಪರ್ಧೆ ಬಂತು: ಊರಂಚಿನ ಕೂಲಿಕಾರರ ಮನೆಗೆ ಅಡುಗೆಯೂ ವಾಸವೂ ಒಂದೇ ಕಡೆ ಆಗುವ ಕೋಣೆ ರೂಪಿಸಬೇಕು. ಅವಳ ಮೇಷ್ಟ್ರು ಓಸ್ಕರ್ ಸ್ಟ್ರ್‌ನಾಡ್, ಒಂದು ಗೆರೆ ಎಳೆಯುವ ಮೊದಲು ಆ ಕೇರಿಗಳಿಗೆ ಹೋಗಿ ಜನ ಹೇಗೆ ಬದುಕುತ್ತಾರೆ ನೋಡಿಕೊಂಡು ಬಾ ಎಂದ. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಮೇಷ್ಟ್ರೂ ಹೇಳಿರಲಾರ. ಹುಡುಗಿ ಹೋದಳು. ಒಂದೇ ಕೋಣೆಯಲ್ಲಿ ಉಸಿರುಗಟ್ಟಿಕೊಂಡು ಮಲಗುವ ಸಂಸಾರಗಳನ್ನು ನೋಡಿದಳು. ಬಂದು ಬರೆದ ನಕ್ಷೆಗೆ ಬಹುಮಾನವೂ ಬಂತು.

ಒಂಬತ್ತು ವರ್ಷದ ಮೇಲೆ, 1926ರಲ್ಲಿ, ಫ್ರಾಂಕ್‌ಫರ್ಟ್ ನಗರಸಭೆ ಕಟ್ಟುತ್ತಿದ್ದ ಸಾವಿರಾರು ಮನೆಗಳಿಗೆ ಅವಳು ರೂಪಿಸಿದ್ದೇ ಹೆಸರುವಾಸಿ ‘ಫ್ರಾಂಕ್‌ಫರ್ಟ್ ಅಡುಗೆಮನೆ’. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಡಬ್ಬಿಯಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನಕ್ಕೆ ಹೇಗೆ ಬೇಯಿಸುತ್ತಾರೆ ಎಂದು ನೋಡಿ ಕಲಿತಿದ್ದಳು. ಧಾನ್ಯ, ಸಕ್ಕರೆ ಹಾಕಲು ಹಿಡಿ ಇರುವ, ಮೂತಿ ಇರುವ ಅಲ್ಯೂಮಿನಿಯಂ ಖಾನೆಗಳು, ಎಳೆದು ನೇರ ಪಾತ್ರೆಗೆ ಸುರಿಯಬಹುದು. ಹಿಟ್ಟಿಗೆ ಮಾತ್ರ ಓಕ್ ಮರದ್ದು, ಹುಳ ಹಿಡಿಯಬಾರದೆಂದು. ಗೋಡೆಯಿಂದ ಇಳಿಸುವ ಇಸ್ತ್ರಿ ಹಲಗೆ, ಕೂತು ಹೆಚ್ಚಲು ತಿರುಗುವ ಸ್ಟೂಲು, ಸಿಪ್ಪೆ ತಳ್ಳಲು ಕಟ್ಟೆಯಲ್ಲೇ ಒಂದು ಡ್ರಾಯರು. ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ಬಳಿದ ನೀಲಿ ಹಸಿರು ಬಣ್ಣ. ಸುಮಾರು 10,000 ಮನೆಗಳಿಗೆ ಇದನ್ನು ಅಳವಡಿಸಿದರು.

ನಾನು 1970ರ ದಶಕದಲ್ಲಿ ಹೋಂ ಸೈನ್ಸ್ ಓದಿದವಳು. ‘ಗಂಡನ ಮನೆಗೆ ಹೋಗೋಕೆ ಡಿಗ್ರಿ’ ಎಂದು ಬೇರೆ ವಿಭಾಗದ ಹುಡುಗರು ಗೇಲಿ ಮಾಡುತ್ತಿದ್ದ ಕಾಲ. ಗೃಹ ನಿರ್ವಹಣೆಯ ಪಾಠದಲ್ಲಿ ನಾವು ಅಡುಗೆಮನೆಯ ನಕ್ಷೆ ಬರೆಯಬೇಕಿತ್ತು. ಒಲೆ, ಸಿಂಕು, ಸಾಮಾನಿನ ಕಪಾಟು, ಈ ಮೂರರ ನಡುವಿನ ಹೆಜ್ಜೆ ಎಣಿಸಬೇಕಿತ್ತು. ಪಠ್ಯಪುಸ್ತಕದಲ್ಲಿ ಫ್ರಾಂಕ್‌ಫರ್ಟ್ ಅಡುಗೆಮನೆಯ ಬಗ್ಗೆ ಒಂದು ಸಾಲಿತ್ತು. ಅದನ್ನು ಮಾಡಿದವಳ ಹೆಸರಿರಲಿಲ್ಲ, ಅದು ಹೆಂಗಸೊಬ್ಬಳ ಕೆಲಸ ಎಂಬ ಸೂಚನೆಯೂ ಇರಲಿಲ್ಲ. ನಾವೂ ಕೇಳಲಿಲ್ಲ. ಅಡುಗೆಮನೆ ಎನ್ನುವುದು ಮಳೆಯಂತೆ, ಬಿಸಿಲಿನಂತೆ ತಾನಾಗಿ ಇರುವುದು ಎಂದುಕೊಂಡಿದ್ದೆವೋ ಏನೋ.

ಒಂದು ಮಾತನ್ನು ಮುಚ್ಚಿಡಬಾರದು. ಅದೇ ದಶಕದಲ್ಲಿ ಯುರೋಪಿನ ಸ್ತ್ರೀವಾದಿಗಳು ಈ ಅಡುಗೆಮನೆಯನ್ನು ಕಟುವಾಗಿ ಟೀಕಿಸಿದರು. ಎರಡು ಮೀಟರೂ ಅಗಲವಿಲ್ಲದ ಕೋಣೆಯಲ್ಲಿ ಇಬ್ಬರು ನಿಲ್ಲಲಾರರು, ಅಂದಮೇಲೆ ಕೈಜೋಡಿಸುವವರು ಯಾರು? ಹೆಂಗಸಿನ ಹೆಜ್ಜೆ ಉಳಿಸುತ್ತೇವೆಂದು ಅವಳೊಬ್ಬಳನ್ನೇ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಸರಿಸಿದಂತಾಯಿತಲ್ಲ ಎಂದರು. ಅದರಲ್ಲಿ ಸತ್ಯವಿದೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಹಬ್ಬದ ದಿನ ಹೋಳಿಗೆ ಮಾಡಲು ಹೋಗಿ ಅತ್ತೆ ಸೊಸೆ ಒಬ್ಬರ ಮೊಣಕೈ ಒಬ್ಬರಿಗೆ ತಗುಲಿಸಿಕೊಂಡವರಿಗೆ ಗೊತ್ತು. ನಮ್ಮ ಹಳೆಯ ಕತ್ತಲ ಅಡುಗೆಮನೆಯಲ್ಲಿ ಏನಿಲ್ಲದಿದ್ದರೂ ನಾಲ್ಕು ಜನ ಕೂತು ಹಾಡು ಹೇಳುತ್ತ ಹಪ್ಪಳ ಒತ್ತುವಷ್ಟು ನೆಲವಿತ್ತು. ಆದರೂ ಲಿಹೋಟ್ಸ್ಕಿಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ಹೊರಗೆ ದುಡಿದು ಬಂದ ಹೆಂಗಸಿಗೆ ಒಂದು ಗಂಟೆ ಉಳಿಯಲಿ, ಆ ಗಂಟೆಯಲ್ಲಿ ಅವಳು ಓದಲಿ, ಮಲಗಲಿ, ಸಂಘಕ್ಕೆ ಹೋಗಲಿ ಎಂಬುದು ಅವಳ ಲೆಕ್ಕ. ಮಿಕ್ಕವರು ಸುಮ್ಮನೆ ಕೂರುತ್ತಾರೆ ಎಂಬುದು ನಕ್ಷೆಯ ತಪ್ಪಲ್ಲ.

ಸ್ವಾರಸ್ಯವೆಂದರೆ ಆ ಅಡುಗೆಮನೆ ರೂಪಿಸುವವರೆಗೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆ ಹೇಳಿಕೊಂಡಿದ್ದಳು. ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ 1941ರ ಜನವರಿಯಲ್ಲಿ ಸಿಕ್ಕಿಬಿದ್ದಳು. ಹದಿನೈದು ವರ್ಷದ ಸಜೆಯಾಯಿತು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಬಿಡುಗಡೆಯಾಯಿತು. ಶಿಶುವಿಹಾರ, ಶಾಲೆ ಎಂದು ಏನೇನೋ ರೂಪಿಸಿದವಳನ್ನು ಜನ ಕೊನೆಯವರೆಗೂ ಅಡುಗೆಮನೆಯ ಬಗ್ಗೆಯೇ ಕೇಳಿ ಕೇಳಿ ಬೇಸರಪಡಿಸಿದರು. ನೂರನೆಯ ಹುಟ್ಟುಹಬ್ಬಕ್ಕೆ ವಿಯೆನ್ನಾದ ಮೇಯರ್ ಜೊತೆ ನರ್ತಿಸಿದಳಂತೆ. 2000ದ ಜನವರಿಯಲ್ಲಿ, 103 ತುಂಬಲು ಐದು ದಿನವಿರುವಾಗ ತೀರಿಕೊಂಡಳು.

ಇವರೆಲ್ಲರಲ್ಲಿ ನನ್ನ ನಿದ್ದೆ ಕೆಡಿಸಿದವಳು ಫ್ರೀಡ್ಲ್ ಡಿಕರ್. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1919ರಲ್ಲಿ ಬೌಹೌಸ್ ಸೇರಿದ ಮೊದಲ ತಂಡದವಳು. ಕಲಿತು ಹೊರಬಂದು ಸಹಪಾಠಿ ಫ್ರಾಂಜ್ ಸಿಂಗರ್ ಜೊತೆ ವಿಯೆನ್ನಾದಲ್ಲಿ ಒಳಾಂಗಣ ವಿನ್ಯಾಸದ ಕಚೇರಿ ನಡೆಸಿದಳು. ಸಣ್ಣ ಮನೆಗಳಿಗೆ ಮಡಚುವ, ಪೇರಿಸುವ ಪೀಠೋಪಕರಣ ಮಾಡುವುದರಲ್ಲಿ ಅವರದು ಎತ್ತಿದ ಕೈ. 1930ರ ಸುಮಾರಿಗೆ ‘ಗಯಟೆಹೋಫ್’ ಎಂಬ ವಸತಿ ಸಮುಚ್ಚಯದ ಶಿಶುವಿಹಾರವನ್ನು ಮಾಂಟೆಸ್ಸರಿ ಪದ್ಧತಿಗೆ ತಕ್ಕಂತೆ ರೂಪಿಸಿದರು. ಮಕ್ಕಳು ತಾವೇ ಎತ್ತಿಡುವಷ್ಟು ಹಗುರ ಕುರ್ಚಿಗಳು, ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಮಡಚಿಡುವ ಮಂಚಗಳು. ಮಲಗುವ ಕೋಣೆಯೇ ಆಟದ ಕೋಣೆ. 1938ರಲ್ಲಿ ನಾಜಿಗಳು ಬಂದ ಮೇಲೆ ಅದು ಹಾಳಾಯಿತು. ಕೆಲವು ಫೋಟೋಗಳಷ್ಟೇ ಉಳಿದವು.

ಫ್ರೀಡ್ಲ್ ಯಹೂದಿ. 1942ರ ಡಿಸೆಂಬರಿನಲ್ಲಿ ಅವಳನ್ನೂ ಗಂಡ ಪಾವೆಲ್ ಬ್ರಾಂಡೈಸ್‌ನನ್ನೂ ಟೆರೆಜೀನ್ ಬಂದೀಶಿಬಿರಕ್ಕೆ ಸಾಗಿಸಿದರು. ಒಬ್ಬೊಬ್ಬರು 50 ಕಿಲೋ ಸಾಮಾನು ಒಯ್ಯಬಹುದಿತ್ತು. ಬಟ್ಟೆಬರೆ ಬಿಟ್ಟು ಅವಳು ಅದರಲ್ಲಿ ತುಂಬಿಕೊಂಡದ್ದು ಕಾಗದ, ಬಣ್ಣ, ಮಕ್ಕಳಿಗಾಗಿ. ತಂದೆತಾಯಿಯಿಂದ ಬೇರೆಯಾಗಿ ಕೋಣೆಕೋಣೆಗಳಲ್ಲಿ ತುಂಬಿದ್ದ ಮಕ್ಕಳನ್ನು ಕೂರಿಸಿಕೊಂಡು ಗುಟ್ಟಾಗಿ ಚಿತ್ರದ ಪಾಠ ನಡೆಸಿದಳು. ಬೌಹೌಸ್‌ನ ಮೊದಲ ತರಗತಿಗಳಲ್ಲಿ ಕಲಿತ ಅದೇ ಅಭ್ಯಾಸಗಳು: ಉಸಿರಿನ ಲಯಕ್ಕೆ ಗೆರೆ, ಚೂರು ಕಾಗದ ಅಂಟಿಸಿ ಚಿತ್ರ. ಮಕ್ಕಳು ತಮ್ಮ ಮನೆ ಬರೆದರು. ಮೇಜು, ದೀಪ, ಕಿಟಕಿಯ ಪರದೆ, ಊಟಕ್ಕೆ ಕೂತ ಅಪ್ಪ ಅಮ್ಮ.

1944ರ ಅಕ್ಟೋಬರಿನಲ್ಲಿ ಗಂಡನನ್ನು ಸಾಗಿಸಿದ ಮೇಲೆ ಅವನ ಹಿಂದೆಯೇ ಹೋಗುವ ಗಾಡಿಗೆ ತಾನಾಗಿ ಹೆಸರು ಕೊಟ್ಟಳು. ಆಶ್ವಿಟ್ಸ್‌ನಲ್ಲಿ ಅವಳನ್ನು ಕೊಂದರು. ಗಂಡ ಬದುಕಿ ಉಳಿದ. ಹೋಗುವ ಮೊದಲು ಮಕ್ಕಳ ಚಿತ್ರಗಳನ್ನೆಲ್ಲ, ಸುಮಾರು 4,500, ಎರಡು ಸೂಟ್‌ಕೇಸಿಗೆ ತುಂಬಿ ಶಿಬಿರದಲ್ಲಿ ಬಚ್ಚಿಟ್ಟಿದ್ದಳು. ಯುದ್ಧ ಮುಗಿದ ಮೇಲೆ ಅವು ಪ್ರಾಗ್ ನಗರಕ್ಕೆ ಬಂದವು, ಅಲ್ಲಿನ ಯಹೂದಿ ಸಂಗ್ರಹಾಲಯದಲ್ಲಿವೆ. ಬರೆದ ಮಕ್ಕಳಲ್ಲಿ ಬಹುಪಾಲು ಉಳಿಯಲಿಲ್ಲ. ತನ್ನ ಸ್ವಂತ ಚಿತ್ರಗಳಿಗೆ ಅಲ್ಲಿ ಸಹಿ ಹಾಕುವ ಗೋಜಿಗೇ ಹೆಚ್ಚು ಹೋಗದಿದ್ದ ಫ್ರೀಡ್ಲ್, ಮಕ್ಕಳಿಗೆ ಮಾತ್ರ ಚಿತ್ರ ಮುಗಿದ ಕೂಡಲೇ ಅದರ ಮೇಲೆ ಹೆಸರು ಬರೆಯಿರಿ ಎನ್ನುತ್ತಿದ್ದಳಂತೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ, ಸೊಟ್ಟಸೊಟ್ಟ ಅಕ್ಷರಗಳಲ್ಲಿ, ಆ ಹೆಸರುಗಳು ಹಾಗೇ ಇವೆ.